ಬಿಲ್ಲು ಉಂಟು, ಬಾಣ ಇಲ್ಲ

ಮಲ್ಪೆ ಬಂದರಿನಲ್ಲಿ ಮೀನು ಏಲಂ ಆದ ಕೂಡಲೇ ಬಿಲ್ಲು ಆಗಬೇಕು. ಯಾವ ಬೋಟು, ಬಂಗುಡೆ ಎಷ್ಟು, ಬೂತಾಯಿ ಎಷ್ಟು, ದರ ಎಷ್ಟು, ಕಮಿಷನ್ ಎಷ್ಟು. ಅಲ್ಲಿನ ಕೆಲವು ಏಜೆಂಟರು ಬಳಸುವ ಬಿಲ್ಲಿನ ಸಾಫ್ಟ್‌ವೇರ್ ನಮ್ಮದು. ಉಡುಪಿಯಲ್ಲಿ ಒಂದು ಕೋಣೆ, ಮೂರು ಜನ, ಕ್ಲೌಡಿನಲ್ಲಿ 2 ಜಿಬಿ ಮೆಮೊರಿಯ ಒಂದು ಸರ್ವರ್. ಇಷ್ಟೇ ನಮ್ಮ ಸಂಸಾರ.

ಒಂದು ಬಿಲ್ಲು ಸೇವ್ ಆದರೆ ಅದರ ಹಿಂದೆ ನಾಲ್ಕು ಕೆಲಸ ಇರುತ್ತವೆ. ಪಿಡಿಎಫ್ ತಯಾರಾಗಬೇಕು. ಬೋಟಿನ ಧನಿಗೆ ಮೊತ್ತ ತಿಳಿಸುವ ಎಸ್ಸೆಮ್ಮೆಸ್ ಹೋಗಬೇಕು. ಲೆಕ್ಕದ ಸಾಫ್ಟ್‌ವೇರಿಗೆ ಒಂದು ಎಂಟ್ರಿ ಬೀಳಬೇಕು. ಕೈಯಲ್ಲಿ ಬರೆದ ಚೀಟಿಯ ಫೋಟೋವನ್ನು ಚಿಕ್ಕದು ಮಾಡಿ ಎತ್ತಿಡಬೇಕು. ಈ ನಾಲ್ಕರಲ್ಲಿ ಯಾವುದೂ ಇನ್ನೊಂದಕ್ಕೆ ಕಾಯುವುದಿಲ್ಲ. ಆ ಸಂಗತಿ ನನ್ನ ಕಣ್ಣೆದುರೇ ಇತ್ತು. ಅದರ ಬೆಲೆ ಗೊತ್ತಾಗಲು ಮಾತ್ರ ಎರಡು ಸೀಸನ್ ಹಿಡಿಯಿತು.

ಮೊದಲು ನಾಲ್ಕೂ ಕೆಲಸವನ್ನು ಸೇವ್ ಗುಂಡಿಯ ಹಿಂದೆಯೇ ಕಟ್ಟಿದ್ದೆ. ಎಸ್ಸೆಮ್ಮೆಸ್ ಕಳಿಸುವ ಗೇಟ್‌ವೇ ಒಮ್ಮೊಮ್ಮೆ ಉತ್ತರ ಕೊಡಲು 20 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಕೈಯಲ್ಲಿ ಮೀನಿನ ನೀರು, ಸುತ್ತ ಗಲಾಟೆ. ಯಾರೇ ಆದರೂ ಇನ್ನೊಮ್ಮೆ ಒತ್ತುತ್ತಾರೆ, ಅಲ್ವಾ? ಒತ್ತಿದರು. ಸಂಜೆ ಫೋನ್ ಬಂತು: "ಎಂತ ಮಾರಾಯ್ರೆ, ಒಂದೇ ಬೋಟಿಗೆ ಮೂರು ಬಿಲ್ಲು?"

ಆಮೇಲೆ ಥ್ರೆಡ್‌ಗಳಿಗೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಎಳೆಗಳಿಗೆ, ಹೋದೆ. ಪೈಥಾನ್‌ನ ಥ್ರೆಡ್‌ಪೂಲ್ ಎಕ್ಸಿಕ್ಯೂಟರ್‌ಗೆ ಕೆಲಸ ಎಸೆದು, ಗ್ರಾಹಕರಿಗೆ ಕೂಡಲೇ "ಆಯಿತು" ಎಂದು ಹೇಳಿಬಿಡುವುದು. ಗುಂಡಿ ಒತ್ತಿದ ತಕ್ಷಣ ಬಿಲ್ಲು. ಎಲ್ಲರಿಗೂ ಖುಷಿ, ನನಗೂ ಖುಷಿ. ಆದರೆ ಅದರಲ್ಲಿ ಎರಡು ಗುಂಡಿ ಇದ್ದವು, ಬೀಳುವ ಗುಂಡಿ. ಒಂದು, ಥ್ರೆಡ್‌ನೊಳಗೆ ಎರರ್ ಬಂದರೆ ಅದು ಫ್ಯೂಚರ್ ಎಂಬ ವಸ್ತುವಿನೊಳಗೆ ಸುಮ್ನೆ ಕೂತಿರುತ್ತದೆ. ನಾವು ರಿಸಲ್ಟ್ ಕೇಳಿದರೆ ಮಾತ್ರ ಹೊರಗೆ ಬರುತ್ತದೆ. ನಾನು ಕೇಳಿರಲಿಲ್ಲ. ಇನ್ನೊಂದು, ಸರದಿಯಲ್ಲಿದ್ದ ಕೆಲಸಗಳೆಲ್ಲ ಮೆಮೊರಿಯಲ್ಲಿ ಮಾತ್ರ ಇದ್ದವು. ಹೊಸ ಕೋಡ್ ಹಾಕಲು ಸರ್ವರ್ ರೀಸ್ಟಾರ್ಟ್ ಮಾಡಿದಾಗಲೆಲ್ಲ ಅವು ಗಾಳಿಗೆ ಹೋಗುತ್ತಿದ್ದವು. ಆಗಸ್ಟಿನ ಒಂದು ದಿನ ನಲವತ್ತು ಚಿಲ್ಲರೆ ಬಿಲ್ಲುಗಳಿಗೆ ಪಿಡಿಎಫ್ ಆಗಿರಲಿಲ್ಲ. ಅದು ನಮಗೆ ಗೊತ್ತಾದದ್ದು ನಾಲ್ಕು ದಿನ ಬಿಟ್ಟು, ಅದೂ ಏಜೆಂಟರು ಹೇಳಿದ ಮೇಲೆ. ಕೆಲಸ ಆಗದ್ದಕ್ಕಿಂತ, ಆಗಿಲ್ಲ ಎಂದು ಗೊತ್ತಾಗದ್ದೇ ನನಗೆ ಜಾಸ್ತಿ ನಾಚಿಕೆ ತಂದಿತು.

ಆಗ ಯಾರೋ ಏರ್‌ಫ್ಲೋ ನೋಡಿ ಎಂದರು. ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಓಡಿಸಿ ನಿಗಾ ಇಡುವ ಸಾಫ್ಟ್‌ವೇರ್ ಅದು. ಒಳ್ಳೆಯ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಹುಟ್ಟಿದ್ದು, ಈಗ ಅಪಾಚೆ ಫೌಂಡೇಶನ್‌ನಲ್ಲಿದೆ. ಆದರೆ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಬೇಕಾದ ಸಾಮಾನಿನ ಜೊತೆ ಒಂದು ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಅದನ್ನು ಎಬ್ಬಿಸಲು ಕನಿಷ್ಠ 4 ಜಿಬಿ ಮೆಮೊರಿ ಬೇಕು ಎಂದು ಅದರ ಕೈಪಿಡಿಯೇ ಹೇಳುತ್ತದೆ. ನಮ್ಮ ಇಡೀ ಸರ್ವರೇ 2 ಜಿಬಿ. ಇರಲಿ ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಅದರಲ್ಲಿ ಕೆಲಸಗಳನ್ನು ಡ್ಯಾಗ್ ಎಂಬ ಚಿತ್ರವಾಗಿ ಬರೆಯಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಚೌಕ, ಯಾವುದು ಮುಗಿದ ಮೇಲೆ ಯಾವುದು ಎಂದು ತೋರಿಸಲು ನಡುವೆ ಬಾಣ. ನಮ್ಮದನ್ನು ಬರೆದಾಗ ಪರದೆಯಲ್ಲಿ ನಾಲ್ಕು ಚೌಕ ಬಂದವು. ಬಾಣ ಒಂದೂ ಇಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗ ನಕ್ಕ. "ಬಿಲ್ಲು ಉಂಟು ಅಣ್ಣ, ಬಾಣವೇ ಇಲ್ವಲ್ಲ!"

ತಮಾಷೆಗೆ ಹೇಳಿದ್ದು. ಆದರೆ ನನಗೆ ವಿಷಯ ಹೊಳೆದದ್ದು ಅಲ್ಲೇ. ಈ ದೊಡ್ಡ ಯಂತ್ರಗಳೆಲ್ಲ ಇರುವುದು ಮುಖ್ಯವಾಗಿ ಬಾಣಗಳನ್ನು ನೋಡಿಕೊಳ್ಳಲು. ಬಾಣವೇ ಇಲ್ಲದವನಿಗೆ ಬೇಕಾದದ್ದು ನೆನಪು. ಯಾವ ಕೆಲಸ ಬಾಕಿ, ಯಾವುದು ಆಯಿತು, ಯಾವುದು ಎಷ್ಟು ಸಲ ಸೋತಿತು, ಯಾಕೆ ಸೋತಿತು. ಇದಕ್ಕೆ ಒಂದು ಟೇಬಲ್ ಸಾಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹೇಗೂ ನಮ್ಮಲ್ಲಿ ಓಡುತ್ತಿತ್ತು.

ಕೂತು ಬರೆಯಲು ಸಮಯ ಸಿಕ್ಕಿದ್ದು ಮಳೆಗಾಲದ ರಜೆಯಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರ ಬಿಲ್ಲು ಬಿಟ್ಟರೆ ನಮ್ಮ ಸರ್ವರಿಗೂ ರಜೆ.

ಟೇಬಲ್‌ನಲ್ಲಿ ಇದ್ದದ್ದು ಇಷ್ಟು: ಕೆಲಸದ ಬಗೆ, ಬಿಲ್ಲಿನ ನಂಬರು, ಸ್ಥಿತಿ, ಎಷ್ಟನೇ ಪ್ರಯತ್ನ, ಮುಂದೆ ಯಾವಾಗ ಓಡಬೇಕು, ಯಾವಾಗ ಎತ್ತಿಕೊಂಡದ್ದು, ಕೊನೆಯ ಎರರ್. ಬಿಲ್ಲಿನ ನಂಬರು ಮತ್ತು ಕೆಲಸದ ಬಗೆ ಎರಡನ್ನೂ ಸೇರಿಸಿ ಯುನೀಕ್ ಮಾಡಿದೆ. ಒಂದು ಬಿಲ್ಲಿಗೆ ಎರಡು ಎಸ್ಸೆಮ್ಮೆಸ್ ಕೆಲಸ ಟೇಬಲ್‌ಗೆ ಸೇರಲು ಡೇಟಾಬೇಸೇ ಬಿಡುವುದಿಲ್ಲ. ಗುಂಡಿಯನ್ನು ಎರಡು ಸಲ ಒತ್ತುವವರಿಗೆ ಬೇರೆ ಮದ್ದು: ಬಿಲ್ಲಿನ ಫಾರಂ ತೆರೆದಾಗಲೇ ಅದಕ್ಕೊಂದು ಗುರುತು ಕೊಟ್ಟು ಅದನ್ನೂ ಯುನೀಕ್ ಮಾಡಿದೆ. ಅದೇ ಗುರುತಿನ ಬಿಲ್ಲು ಎರಡನೇ ಸಲ ಬಂದರೆ ಮೊದಲಿನದನ್ನೇ ತೋರಿಸುತ್ತದೆ.

ನಾನು ಎಲ್ಲರಿಗೂ ಒತ್ತಿ ಹೇಳುವ ವಿಷಯ ಒಂದಿದೆ. ಬಿಲ್ಲಿನ ಸಾಲನ್ನೂ ಅದರ ನಾಲ್ಕು ಕೆಲಸಗಳ ಸಾಲನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಬೇಕು. ಉಳಿದರೆ ಐದೂ ಸಾಲು ಉಳಿಯುತ್ತವೆ, ಹೋದರೆ ಐದೂ ಹೋಗುತ್ತವೆ. ಬಿಲ್ಲು ಇದೆ ಆದರೆ ಕೆಲಸ ಇಲ್ಲ ಎಂಬ ಸ್ಥಿತಿಯೇ ಬರುವುದಿಲ್ಲ. ಸರದಿಯನ್ನು ರೆಡಿಸ್‌ನಂಥ ಬೇರೆ ಡೇಟಾ ಸಂಗ್ರಹದಲ್ಲಿ ಇಟ್ಟರೆ ಈ ಸುಖ ಸುಲಭದಲ್ಲಿ ಸಿಗುವುದಿಲ್ಲ.

ಇನ್ನು ಕೆಲಸ ಎತ್ತಿಕೊಂಡು ಮಾಡುವ ಪ್ರೋಗ್ರಾಮುಗಳು, ಅಂದರೆ ವರ್ಕರ್‌ಗಳು. ಎರಡು ವರ್ಕರ್ ಒಂದೇ ಸಾಲಿಗೆ ಕೈ ಹಾಕಬಾರದು. ಇದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಸೆಲೆಕ್ಟ್ ಫಾರ್ ಅಪ್‌ಡೇಟ್ ಜೊತೆಗೆ ಸ್ಕಿಪ್ ಲಾಕ್ಡ್ ಎಂದು ಬರೆಯಬಹುದು. 2016ರ ಜನವರಿಯಲ್ಲಿ ಬಂದ 9.5 ಆವೃತ್ತಿಯಿಂದ ಇದು ಇದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಅದೇ ಲೆಕ್ಕ. ಟವೆಲ್ ಇದ್ದ ಸೀಟಿನ ಹತ್ತಿರ ಯಾರೂ ಕಾಯುತ್ತಾ ನಿಲ್ಲುವುದಿಲ್ಲ, ಮುಂದಿನ ಖಾಲಿ ಸೀಟಿಗೆ ಹೋಗುತ್ತಾರೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಟವೆಲ್ ಹಾಕಿ, ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಎಸ್ಸೆಮ್ಮೆಸ್ ಕಳಿಸಲು ಹೋದೆ. ಗೇಟ್‌ವೇ 20 ಸೆಕೆಂಡು ತೆಗೆದುಕೊಂಡರೆ ಡೇಟಾಬೇಸಿನ ಕನೆಕ್ಷನ್ನೂ ಅಷ್ಟು ಹೊತ್ತು ಬಾಯಿ ತೆರೆದುಕೊಂಡು ಕೂತಿರುತ್ತದೆ. ಆಮೇಲೆ ಸರಿ ಮಾಡಿದೆ. ಸಾಲು ಹಿಡಿ, ಸ್ಥಿತಿಯನ್ನು "ಓಡುತ್ತಿದೆ" ಎಂದು ಬರೆ, ಸಮಯ ಹಾಕು, ಕಮಿಟ್ ಮಾಡು, ಅಂದರೆ ಪಕ್ಕಾ ಮಾಡಿ ಟ್ರಾನ್ಸಾಕ್ಷನ್ ಮುಗಿಸು. ಕೆಲಸ ಮಾಡುವುದು ಅದರ ನಂತರ. ಮುಗಿದ ಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ "ಆಯಿತು" ಎಂದು ಬರೆ.

ಹೀಗೆ ಮಾಡಿದರೆ ಹೊಸ ಪ್ರಶ್ನೆ ಏಳುತ್ತದೆ. ವರ್ಕರ್ ನಡುವೆಯೇ ಸತ್ತರೆ? ಸಾಲು "ಓಡುತ್ತಿದೆ" ಎಂದೇ ಉಳಿದುಬಿಡುತ್ತದೆ. ಇದನ್ನು ಪರೀಕ್ಷೆ ಮಾಡಲು ನಾನು ಕಷ್ಟಪಡಬೇಕಾಗಲಿಲ್ಲ. ಫೋಟೋ ಚಿಕ್ಕದು ಮಾಡುವ ವರ್ಕರ್ ನಮ್ಮ ಕೋಣೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಓಡುತ್ತದೆ. ಯುಪಿಎಸ್ ಬ್ಯಾಟರಿಗೆ ವಯಸ್ಸಾಗಿದೆ. ಜೂನ್ ತಿಂಗಳ ಗಾಳಿಮಳೆ, ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುವುದು. ದುಡ್ಡು ಕೊಟ್ಟರೂ ಇಂಥ ಟೆಸ್ಟಿಂಗ್ ಸಿಗುವುದಿಲ್ಲ. ಹತ್ತು ನಿಮಿಷಕ್ಕಿಂತ ಹಳೆಯದಾದ "ಓಡುತ್ತಿದೆ" ಸಾಲುಗಳನ್ನು ಮತ್ತೆ "ಬಾಕಿ"ಗೆ ತಳ್ಳುವ ಒಂದು ಕ್ವೆರಿ ಬರೆದೆ. ಅರ್ಧ ಬರೆದ ಫೋಟೋ ಫೈಲುಗಳೂ ಆಗಲೇ ಕಣ್ಣಿಗೆ ಬಿದ್ದವು. ಈಗ ಬೇರೆ ಹೆಸರಿನಲ್ಲಿ ಬರೆದು, ಡಿಸ್ಕಿಗೆ ಪೂರ್ತಿ ಇಳಿಸಿ, ಆಮೇಲೆ ಸರಿಯಾದ ಹೆಸರು ಕೊಡುತ್ತೇವೆ.

ಹೀಗೆ ಹಿಂದೆ ತಳ್ಳಿದ ಕೆಲಸ ಕೆಲವು ಸಲ ಎರಡು ಬಾರಿ ನಡೆಯುತ್ತದೆ. ಕೆಲಸ ಆಗಿ, "ಆಯಿತು" ಎಂದು ಬರೆಯುವ ಮೊದಲೇ ಕರೆಂಟು ಹೋದರೆ ಹಾಗೆಯೇ. ಪಿಡಿಎಫ್ ಎರಡು ಸಲ ಆದರೆ ನಷ್ಟವಿಲ್ಲ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಲೆಕ್ಕದ ಎಂಟ್ರಿಗೆ ಬಿಲ್ಲಿನ ನಂಬರೇ ಬೀಗ. ಆದರೆ ಎಸ್ಸೆಮ್ಮೆಸ್? ಧನಿಗೆ ಒಂದೇ ಮೊತ್ತ ಎರಡು ಸಲ ಬಂದರೆ ಎರಡು ಬಿಲ್ಲು ಎಂದುಕೊಳ್ಳುತ್ತಾರೆ, ಏಜೆಂಟರ ಮೇಲೆ ಸಂಶಯ ಹುಟ್ಟುತ್ತದೆ. ನಮ್ಮ ಗೇಟ್‌ವೇಗೆ "ಇದು ಅದೇ ಸಂದೇಶ" ಎಂದು ಗುರುತು ಕಳಿಸುವ ದಾರಿ ಇರಲಿಲ್ಲ. ತುಂಬಾ ಯೋಚಿಸಿ ಒಂದು ತೀರ್ಮಾನ ಮಾಡಿದೆ. ಎಸ್ಸೆಮ್ಮೆಸ್ ಕೆಲಸ ನಡುವೆ ಸತ್ತರೆ ತಾನಾಗಿ ಮತ್ತೆ ಕಳಿಸುವುದಿಲ್ಲ. "ನೋಡಬೇಕು" ಎಂಬ ಪಟ್ಟಿಗೆ ಹೋಗುತ್ತದೆ, ನಮ್ಮಲ್ಲಿ ಒಬ್ಬರು ನೋಡಿ ತೀರ್ಮಾನಿಸುತ್ತಾರೆ. ಕೆಲವರಿಗೆ ಇದು ಹಿಂದುಳಿದ ಪದ್ಧತಿ ಅನ್ನಿಸಬಹುದು. ದುಡ್ಡಿನ ಮಾತಿನಲ್ಲಿ ನನಗೆ ಇದೇ ಸಮಾಧಾನ.

ಮತ್ತೆ ಪ್ರಯತ್ನಿಸುವ ವಿಷಯದಲ್ಲೂ ಎಲ್ಲ ಎರರ್ ಒಂದೇ ಅಲ್ಲ. ನೆಟ್‌ವರ್ಕ್ ಇಲ್ಲ, ಗೇಟ್‌ವೇ ಕನೆಕ್ಷನ್ನನ್ನೇ ತೆಗೆದುಕೊಳ್ಳಲಿಲ್ಲ ಎಂದರೆ ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ, ಎರಡು ಗಂಟೆ ಬಿಟ್ಟು ನೋಡುತ್ತೇವೆ. ಆದರೆ ನಮ್ಮ ದೇಶದಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಲು ಡಿಎಲ್‌ಟಿ ಎಂಬ, ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಟೆಂಪ್ಲೇಟ್ (ಸಂದೇಶದ ಮಾದರಿ) ನೋಂದಾಯಿಸಬೇಕು. ಟೆಂಪ್ಲೇಟಿಗೂ ಸಂದೇಶಕ್ಕೂ ಹೊಂದಲಿಲ್ಲ ಎಂಬ ಎರರ್ ಬಂದರೆ ನೂರು ಸಲ ಕಳಿಸಿದರೂ ಹೋಗುವುದಿಲ್ಲ. ಅದನ್ನು ಮೊದಲ ಸಲಕ್ಕೇ ನಿಲ್ಲಿಸಬೇಕು. ಇನ್ನೊಂದು: ಗೇಟ್‌ವೇ ಬಿದ್ದಾಗ ನೂರು ಕೆಲಸ ಒಟ್ಟಿಗೆ ಸೋಲುತ್ತವೆ, ಸರಿಯಾಗಿ ಒಂದು ನಿಮಿಷಕ್ಕೆ ನೂರೂ ಒಟ್ಟಿಗೆ ಎದ್ದು ನುಗ್ಗುತ್ತವೆ. ಕಾಯುವ ಸಮಯಕ್ಕೆ ಅಷ್ಟಿಷ್ಟು ಸೆಕೆಂಡು ಹೆಚ್ಚುಕಡಿಮೆ ಸೇರಿಸಿದರೆ ನುಗ್ಗಾಟ ನಿಲ್ಲುತ್ತದೆ.

ಮೊದಲು ಎಲ್ಲ ಬಗೆಯ ಕೆಲಸಕ್ಕೂ ಅದೇ ವರ್ಕರ್‌ಗಳಿದ್ದವು. ಗೇಟ್‌ವೇ ನಿಧಾನವಾದ ದಿನ ಎಲ್ಲ ವರ್ಕರ್‌ಗಳೂ ಎಸ್ಸೆಮ್ಮೆಸ್ ಹಿಡಿದುಕೊಂಡು ಕೂತವು, ಪಿಡಿಎಫ್‌ಗಳು ಸಾಲಿನಲ್ಲಿ ನಿಂತವು. ಕೆಲಸಗಳು ಸ್ವತಂತ್ರ ಎಂದು ನಾನು ಹೇಳಿದರೆ ಸಾಲದು, ಸರದಿಯೂ ಬೇರೆ ಇರಬೇಕು. ಈಗ ಒಂದೊಂದು ಬಗೆಗೆ ಒಂದೊಂದು ಪ್ರೊಸೆಸ್.

ನಮ್ಮ ಹುಡುಗ ಎಸ್ಸೆಮ್ಮೆಸ್ ವರ್ಕರನ್ನು, ಒಂದರ ಉತ್ತರಕ್ಕೆ ಕಾಯುವಾಗ ಇನ್ನೊಂದನ್ನು ಓಡಿಸುವ ಪೈಥಾನ್‌ನ ಅಸಿಂಕ್‌ಐಒಗೆ ಬದಲಾಯಿಸಿದ. ಪೈಥಾನ್ 3.11ರಲ್ಲಿ ಬಂದ ಟಾಸ್ಕ್‌ಗ್ರೂಪ್ ಬಳಸಿದ್ದ, ನೋಡಲು ಚೆಂದದ ಕೋಡು. ಆದರೆ ಟಾಸ್ಕ್‌ಗ್ರೂಪ್‌ನಲ್ಲಿ ಒಂದು ಕೆಲಸ ಎರರ್ ಎಸೆದರೆ ಜೊತೆಯಲ್ಲಿರುವ ಉಳಿದವುಗಳನ್ನೂ ರದ್ದು ಮಾಡುತ್ತದೆ. ಒಂದು ತಪ್ಪು ನಂಬರಿನಿಂದಾಗಿ ಒಂಬತ್ತು ಸರಿ ಸಂದೇಶ ನಿಂತವು. ಒಂದಕ್ಕೊಂದು ಸಂಬಂಧ ಇರುವ ಕೆಲಸಕ್ಕೆ ಅದು ಸರಿ, ನಮಗಲ್ಲ. ಒಂದರ ಎರರ್ ಇನ್ನೊಂದನ್ನು ನಿಲ್ಲಿಸದ ಹಾಗೆ ಗ್ಯಾದರ್ ಬಳಸಿ, ರಿಟರ್ನ್ ಎಕ್ಸೆಪ್ಶನ್ಸ್ ಹಾಕಿ, ಒಂದೊಂದರ ಫಲವನ್ನೂ ಟೇಬಲ್‌ಗೆ ಬರೆಸಿದೆವು. ಕ್ರಿಯೇಟ್ ಟಾಸ್ಕ್ ಮಾಡಿ ಹಾಗೇ ಬಿಡುವವರಿಗೂ ಒಂದು ಮಾತು: ಈವೆಂಟ್ ಲೂಪ್ (ಈ ಕೆಲಸಗಳನ್ನು ಸರದಿಯಂತೆ ಓಡಿಸುವ ಭಾಗ) ಅದನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ನೀವು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳದಿದ್ದರೆ ಪೈಥಾನ್ ಮೆಮೊರಿ ಗುಡಿಸುವಾಗ ಕಸದ ಜೊತೆ ಅದೂ ಹೋಗಬಹುದು.

ವರ್ಕರ್‌ಗಳನ್ನು ಎಬ್ಬಿಸುವುದು ಸಿಸ್ಟಮ್‌ಡಿ, ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳನ್ನು ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ. ನಿಲ್ಲು ಎಂಬ ಸಿಗ್ನಲ್ ಬಂದರೆ ವರ್ಕರ್ ಹೊಸ ಕೆಲಸ ಎತ್ತಿಕೊಳ್ಳದೆ, ಕೈಯಲ್ಲಿರುವುದನ್ನು ಮುಗಿಸಿ ಹೊರಡುತ್ತದೆ. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ, ನಮಗೆ ಅಷ್ಟು ಧಾರಾಳ ಸಾಕು.

ತಿಂಗಳ ಕೊನೆಯ ಲೆಕ್ಕಕ್ಕೆ ಮಾತ್ರ ಬಾಣ ಉಂಟು. ಮೊದಲು ಬಿಲ್ಲುಗಳ ಮೊತ್ತ, ಆಮೇಲೆ ಡೀಸೆಲ್, ಐಸಿನ ಖರ್ಚು ಕಳೆಯುವುದು, ಕೊನೆಗೆ ಪಾಲಿನ ಪಟ್ಟಿ. ಮೂರೇ ಹೆಜ್ಜೆ ಆದ್ದರಿಂದ, ಒಂದು ಮುಗಿದಾಗ ಅದೇ ಟ್ರಾನ್ಸಾಕ್ಷನ್‌ನಲ್ಲಿ ಮುಂದಿನದರ ಸಾಲು ಸೇರಿಸುತ್ತೇವೆ. ಇದು ಮೂವತ್ತು ಹೆಜ್ಜೆ ಆದ ದಿನ ನಾನೇ ಏರ್‌ಫ್ಲೋ ಬಾಗಿಲು ತಟ್ಟುತ್ತೇನೆ. ಯಕ್ಷಗಾನಕ್ಕೆ ಭಾಗವತರು ಬೇಕೇ ಬೇಕು. ಕಡಲಿಗೆ ಹೋಗುವ ಬೋಟುಗಳಿಗೆ ಯಾರು ಪದ್ಯ ಹೇಳಬೇಕು?

ಬೆಳಿಗ್ಗೆ ಏಳಕ್ಕೆ ನನ್ನ ಫೋನಿಗೆ ಒಂದು ಸಂದೇಶ ಬರುತ್ತದೆ. ಬಗೆಗೆ ಎಷ್ಟು ಬಾಕಿ, ಎಷ್ಟು ಸೋತವು, ಅತಿ ಹಳೆಯ ಬಾಕಿ ಕೆಲಸಕ್ಕೆ ಎಷ್ಟು ವಯಸ್ಸು. ನಾನು ಮೊದಲು ನೋಡುವುದು ಆ ವಯಸ್ಸನ್ನು. ಮುನ್ನೂರು ಬಾಕಿ ಇದ್ದರೂ ಎಲ್ಲವೂ ಒಂದು ನಿಮಿಷದವಾದರೆ ತೊಂದರೆ ಇಲ್ಲ. ಎರಡೇ ಬಾಕಿ ಇದ್ದು ಆರು ಗಂಟೆಯಾಗಿದ್ದರೆ ಎಲ್ಲೋ ಏನೋ ಸತ್ತಿದೆ. ಈ ಸಂದೇಶ ಕಳಿಸುವುದು ಬೇರೆ ಯಂತ್ರದಲ್ಲಿರುವ ಕ್ರಾನ್, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮು. ವರ್ಕರ್ ಸತ್ತ ಸುದ್ದಿಯನ್ನು ವರ್ಕರೇ ಹೇಳಲು ಆಗುವುದಿಲ್ಲವಲ್ಲ.

ಆಗಸ್ಟ್ 1ರ ನಂತರ ಬೋಟುಗಳು ಇಳಿದವು. ಮೊದಲ ವಾರ "ನೋಡಬೇಕು" ಪಟ್ಟಿಯಲ್ಲಿ ಮೂರು ಎಸ್ಸೆಮ್ಮೆಸ್ ಇದ್ದವು. ಏಜೆಂಟರಿಗೆ ಫೋನ್ ಮಾಡಿ, ಧನಿಗಳಿಗೆ ಮೆಸೇಜು ಮುಟ್ಟಿದೆಯಾ ಕೇಳಿ ಎಂದೆ. ಎರಡು ಮುಟ್ಟಿದ್ದವು, ಒಂದು ಇಲ್ಲ. ಆ ಒಂದನ್ನು ಕೈಯಾರೆ ಕಳಿಸಿದೆ. "ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ? ನಾವು ಹೇಳಲೇ ಇಲ್ಲ!" ಎಂದರು ಏಜೆಂಟರು.