ಸೆಕೆಂಡ್ ಹ್ಯಾಂಡ್ ಜೀಪ್ ನೋಡೋಕೆ ಹೋದರೆ ಮೊದಲು ಅದರ ಕೆಳಗೆ ಮಲಗಿ

ಜೀಪ್ ಇರಲಿ, ಕಾರ್ ಇರಲಿ, ಪಿಕಪ್ ಇರಲಿ, ಕೊಡಗಿನಲ್ಲಿ ಹಳೇ ಗಾಡಿ ಕೊಳ್ಳುವವರು ಮೊದಲು ನೋಡಬೇಕಾದ್ದು ಎರಡೇ. ಒಂದು ಚಾಸಿ ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಇನ್ನೊಂದು ಕಾಗದಪತ್ರ. ಎಂಜಿನ್ ಹೋದರೆ ಮಾಡಿಸಬಹುದು. ಕ್ಲಚ್, ಬ್ರೇಕ್, ಗೇರ್ ಬಾಕ್ಸ್ ಎಲ್ಲಕ್ಕೂ ದುಡ್ಡು ಹಾಕಿದರೆ ಸರಿ ಹೋಗುತ್ತದೆ. ತುಕ್ಕು ತಿಂದ ಚಾಸಿ ಮತ್ತು ಆರ್‌ಸಿಗೆ ಅಂದರೆ ನೋಂದಣಿ ಪತ್ರಕ್ಕೆ ತಾಳೆಯಾಗದ ನಂಬರ್, ಇವೆರಡಕ್ಕೆ ಮಾತ್ರ ಎಷ್ಟು ದುಡ್ಡು ಸುರಿದರೂ ನೆಮ್ಮದಿ ಸಿಗಲ್ಲ. ಆದರೆ ಹೆಚ್ಚಿನವರು ಶುರು ಮಾಡುವುದು ಪೇಂಟ್‌ನಿಂದ, ಸೀಟ್ ಕವರ್‌ನಿಂದ, ಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್ ಇದೆ ಅನ್ನುವುದರಿಂದ. ಅವನ್ನು ಕೊನೆಗೆ ನೋಡಿದರೂ ನಷ್ಟ ಇಲ್ಲ.

ಹೋಗುವ ಮುಂಚೆ ನಿಮಗೆ ಏನು ಬೇಕು ಅಂತ ಮನೆಯಲ್ಲೇ ಕೂತು ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿ ಜೀಪ್ ಅಂದ ಕೂಡಲೇ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು ಅನ್ನುವ ಹಟ ಇದೆ. ಅಂಗಳದ ತನಕ ಟಾರ್ ಅಥವಾ ಕಾಂಕ್ರೀಟ್ ರಸ್ತೆ ಇದ್ದು, ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗಿ ಬರುವುದೇ ಮುಖ್ಯ ಕೆಲಸ ಆಗಿದ್ದರೆ ಅದು ಬೇಡ. ಸಾಧಾರಣ ಬೊಲೆರೋ, ಈಕೋ, ಆಲ್ಟೋ ಸಾಕು. ಫೋರ್ ವೀಲ್ ಇದ್ದರೆ ಮುಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫ್, ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಟ್ರಾನ್ಸ್‌ಫರ್ ಕೇಸ್, ಆ ಶಕ್ತಿಯನ್ನು ಚಕ್ರದ ಕಡೆಗೆ ಒಯ್ಯುವ ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್ ಇಷ್ಟನ್ನೂ ಸಾಕಬೇಕು. ಆದರೆ ತೋಟದ ಕೆಲಸಗಾರರ ಲೈನ್ ಮನೆ ದಾಟಿ ಮಣ್ಣಿನ ಏರು ಹತ್ತಿ ಮನೆ ಸೇರುವವರು, ಜುಲೈ ಮಳೆಯಲ್ಲಿ ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆ ಜೀಪ್ ಬಿಟ್ಟು ಬೇರೆ ಗತಿ ಇಲ್ಲ ಅನ್ನುವವರು, ಅಂಥವರು ಒಳ್ಳೆ ಫೋರ್ ವೀಲ್ ಗಾಡಿಗೇ ದುಡ್ಡು ಹಾಕಿ, ಅಲ್ಲಿ ಜುಗ್ಗತನ ಬೇಡ.

ನೋಡಲು ಬೆಳಿಗ್ಗೆಯೇ ಹೋಗಿ. ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮುಂಚೆಯೇ ಹೇಳಿರಿ, ಹೋದ ಕೂಡಲೇ ಬಾನೆಟ್ ತಣ್ಣಗಿದೆಯಾ ಅಂತ ಕೈ ಇಟ್ಟು ನೋಡಿ. ಆಗತಾನೇ ತೊಳೆದು ನಿಲ್ಲಿಸಿದ್ದರೆ ಆಯಿಲ್ ಸೋರಿಕೆ ಗೊತ್ತಾಗಲ್ಲ. ಹಾಗಿದ್ದರೆ ಸ್ವಲ್ಪ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಕೆಳಗೆ ನೋಡಬೇಕು. ಜೊತೆಗೆ ಒಂದು ಗೋಣಿಚೀಲ, ಟಾರ್ಚ್, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ ಇಟ್ಟುಕೊಳ್ಳಿ.

ಗೋಣಿಚೀಲ ಹಾಸಿ ಕೆಳಗೆ ಮಲಗಿ. ಮಾರುವವರು ಮುಖ ನೋಡುತ್ತಾರೆ, ನೋಡಲಿ. ಚಾಸಿಯ ಎರಡೂ ಉದ್ದ ಕಂಬಿಗಳ ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ಮಂಕು ಸದ್ದು ಬರುತ್ತದೆ, ಚೂರು ಉದುರುತ್ತದೆ. ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಶಾಕ್ ಅಬ್ಸಾರ್ಬರ್ ಬೋಲ್ಟ್ ಹಾಕಿದ ಜಾಗ, ಸ್ಟೇರಿಂಗ್ ಬಾಕ್ಸ್ ಕೂತ ಜಾಗ, ಬಾಡಿ ಚಾಸಿಯ ಮೇಲೆ ಕೂರುವ ರಬ್ಬರ್ ಇರುವ ಕಡೆಗಳು, ಇಲ್ಲೆಲ್ಲ ಕೆಸರು ಕೂತು ತಿಂಗಳುಗಟ್ಟಲೆ ಒಣಗದೆ ಇರುವುದರಿಂದ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಮೇಲ್ಮೈಯ ಕೆಂಪು ಪುಡಿ ನಮ್ಮ ಮಳೆಗೆ ಎಲ್ಲಾ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ. ಪದರ ಪದರವಾಗಿ ಎದ್ದರೆ, ತುದಿ ಒಳಗೆ ಹೋದರೆ, ಮೇಲೆ ತಗಡು ಇಟ್ಟು ವೆಲ್ಡಿಂಗ್ ಮಾಡಿದ್ದು ಕಂಡರೆ ಅಲ್ಲಿಗೆ ಮಾತು ಮುಗಿಸಿ. ಅಡಿ ಪೂರ್ತಿ ಹೊಸದಾಗಿ ಕಪ್ಪು ಬಳಿದಿದ್ದರೆ ಯಾವಾಗ ಬಳಿಸಿದ್ದು, ಯಾಕೆ ಅಂತ ಕೇಳಿ. ಮಳೆಗಾಲಕ್ಕೆ ಮುಂಚೆ ಕೋಟಿಂಗ್ ಮಾಡಿಸುವುದು ಒಳ್ಳೆಯ ಅಭ್ಯಾಸವೇ, ಆದರೆ ಮಾರುವ ವಾರದಲ್ಲಿ ಬಳಿದ ಬಣ್ಣದ ಕೆಳಗೆ ಸ್ಕ್ರೂಡ್ರೈವರ್ ಆಡಿಸದೆ ಬಿಡಬೇಡಿ.

ತೋಟದ ಗಾಡಿ ಆದರೆ ಅದರಲ್ಲಿ ಏನು ಸಾಗಿಸುತ್ತಿದ್ದರು ಅಂತ ಕೇಳಲೇಬೇಕು. ರಸಗೊಬ್ಬರ ಕಬ್ಬಿಣಕ್ಕೆ ಉಪ್ಪಿನ ಹಾಗೇ, ಮೂಟೆ ಒಡೆದು ಪುಡಿ ಸಂದಿಗೆ ಸೇರಿ ಮಳೆ ನೀರು ತಾಗಿದರೆ ಹಿಂದಿನ ತಗಡು ಬೇಗ ತೂತು ಬೀಳುತ್ತದೆ. ಕಾಫಿಗೆ, ಕರಿಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದಲ್ವಾ, ಅದೂ ಕಬ್ಬಿಣವನ್ನು ತಿನ್ನುತ್ತದೆ. ಡ್ರಮ್ ಇಟ್ಟು ಓಡಾಡಿದ ಪಿಕಪ್‌ಗಳ ಹಿಂಭಾಗದಲ್ಲಿ ನೀಲಿ ಕಲೆ ಕಾಣುತ್ತದೆ. ಅಲ್ಲಿ ಮ್ಯಾಟ್ ಎತ್ತಿ, ಅದರ ಕೆಳಗಿನ ಅಡ್ಡ ಕಂಬಿಗಳನ್ನೂ ತಟ್ಟಿ. ಕಣ್ಣೂರು, ಮಂಗಳೂರು ಕಡೆಯಿಂದ ಬಂದ ಗಾಡಿಗೆ ಸಮುದ್ರದ ಗಾಳಿಯ ತುಕ್ಕು ಇರಬಹುದು.

ಆಲ್ಟೋ, ಸ್ವಿಫ್ಟ್ ಥರದ ಕಾರುಗಳಿಗೆ ಬೇರೆ ಚಾಸಿ ಇರಲ್ಲ, ಬಾಡಿಯೇ ಎಲ್ಲ. ಅವುಗಳಲ್ಲಿ ಬಾಗಿಲಿನ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಬಾನೆಟ್ ಒಳಗೆ ಮುಂದಿನ ಸಸ್ಪೆನ್ಶನ್ ಬಂದು ಕೂರುವ ಗುಂಡನೆಯ ಭಾಗ ಇವಿಷ್ಟು ಗಟ್ಟಿ ಇರಬೇಕು. ತಗಡಿನ ಮೇಲೆ ಅಯಸ್ಕಾಂತ ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ.

ಇನ್ನು ನೆರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತ್ತು, 2019ರಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆಯೂ ಹಾಗೇ ಆಯಿತು. 2018ರಲ್ಲಿ ಕೇರಳದಲ್ಲೂ ಎಷ್ಟೋ ಗಾಡಿಗಳು ಮುಳುಗಿದವು. ಆ ಗಾಡಿಗಳಲ್ಲಿ ಕೆಲವು ಇವತ್ತಿಗೂ ಕೈ ಬದಲಾಯಿಸುತ್ತಿರಬಹುದು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಅದನ್ನು ಯಾರೂ ತೊಳೆದಿರಲ್ಲ. ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಇಡುವ ಗುಂಡಿ, ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಸೇರುವ ಜಾಗಗಳಲ್ಲಿ ನುಣ್ಣನೆ ಮಣ್ಣು ಅಥವಾ ಹಸಿರು ಕಿಲುಬು ಇದೆಯಾ ನೋಡಿ. ಗಾಜು ಏರಿಸಿ ಒಳಗೆ ಕೂತು ಮೂಗು ಬಿಟ್ಟು ನೋಡಿ. ಮಳೆಗಾಲದ ಮುಗ್ಗಲು ವಾಸನೆ ನಮಗೆ ಅಭ್ಯಾಸ, ಆದರೆ ಜನವರಿಯಲ್ಲೂ ಬಂದರೆ ಅನುಮಾನ ಪಡಿ. ಈಗಿನ ಗಾಡಿಗಳಲ್ಲಿ ಎಲ್ಲವೂ ಸೆನ್ಸರ್, ನೀರು ಕುಡಿದ ವೈರಿಂಗ್ ವರ್ಷಗಟ್ಟಲೆ ಕಾಡುತ್ತದೆ.

ಕಿಲೋಮೀಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. "ತೋಟದೊಳಗೆ ಮಾತ್ರ ಓಡಿದ್ದು, ಬರೀ ನಲವತ್ತು ಸಾವಿರ" ಅಂತ ಹೇಳಿದರೆ ಅದು ಗಾಡಿಯ ಹೆಚ್ಚುಗಾರಿಕೆ ಅಲ್ಲ. ತೋಟದಲ್ಲಿ ಫಸ್ಟ್, ಸೆಕೆಂಡ್ ಗೇರ್‌ನಲ್ಲೇ ಗಂಟೆಗಟ್ಟಲೆ ಎಂಜಿನ್ ತಿರುಗುತ್ತದೆ, ಮೀಟರ್ ಮಾತ್ರ ಮುಂದೆ ಹೋಗಲ್ಲ. ಕ್ಲಚ್, ಗೇರ್, ಸಸ್ಪೆನ್ಶನ್ ಸವೆಯುವ ಲೆಕ್ಕದಲ್ಲಿ ಮೈಸೂರು ರಸ್ತೆಯಲ್ಲಿ ಲಕ್ಷ ಓಡಿದ ಬೊಲೆರೋ ಇದಕ್ಕಿಂತ ವಾಸಿ. ಮಾಂದಲ್‌ಪಟ್ಟಿಯಂಥ ಕಡೆ ಪ್ರವಾಸಿಗರನ್ನು ಹತ್ತಿಸಿ ಇಳಿಸಿದ ಜೀಪಿನ ಕಥೆಯೂ ಅದೇ. ಪೆಡಲ್ ರಬ್ಬರ್, ಸ್ಟೇರಿಂಗ್, ಡ್ರೈವರ್ ಸೀಟಿನ ಅಂಚು ಎಷ್ಟು ಸವೆದಿವೆ ಅಂತ ನೋಡಿದರೆ ಮೀಟರ್ ನಿಜ ಹೇಳುತ್ತಿದೆಯಾ ಅಂತ ತಿಳಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಮೇಲಿನ ಗೆರೆ ಉಬ್ಬು, ಅಂದರೆ ಬಟನ್, ಚೆನ್ನಾಗಿದ್ದರೂ ಐದಾರು ವರ್ಷ ಆದ ಟೈರನ್ನು ಘಾಟಿ ರಸ್ತೆಗೆ ನಂಬಬೇಡಿ.

ಈಗ ಸ್ಟಾರ್ಟ್ ಮಾಡಿಸಿ. ಚಳಿಯಲ್ಲಿ ಹಳೇ ಡೀಸೆಲ್ ಎಂಜಿನ್ ಮೊದಲು ಸ್ವಲ್ಪ ಹೊಗೆ ಬಿಟ್ಟರೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬುಸುಬುಸು ಅಂತ ಹೊಗೆ ಎದ್ದರೆ ಪಿಸ್ಟನ್ ರಿಂಗ್ ಸವೆದಿದೆ, ಓವರ್‌ಹಾಲ್ ಖರ್ಚು ಬೆಲೆಯಿಂದ ಕಳೆಯಿರಿ. ಮುಚ್ಚಳದ ಒಳಗೆ ತೆಳ್ಳಗೆ ಬಿಳಿ ಅಂಟು ಇದ್ದರೆ ಗಾಬರಿ ಬೇಡ, ಬರೀ ಹತ್ತಿರದ ಓಡಾಟ ಮಾಡುವ ಗಾಡಿಗೆ ಮಡಿಕೇರಿಯ ತಂಪಿನಲ್ಲಿ ಅದು ಬರುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್‌ನಲ್ಲೂ ಹಾಗೇ ಇದ್ದರೆ ಮಾತ್ರ ಆ ಗಾಡಿ ಬೇಡ.

ಓಡಿಸಿ ನೋಡುವುದನ್ನು ಸಮತಟ್ಟು ರಸ್ತೆಯಲ್ಲಿ ಮುಗಿಸಬೇಡಿ. ನಮಗೆ ಇರುವುದೇ ಏರು, ಇಳಿಜಾರು. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ 275ನೇ ಹೆದ್ದಾರಿಯ ಘಾಟಿಯಾಗಲಿ, ಮಾಕುಟ್ಟದಿಂದ ಪೆರುಂಬಾಡಿ ಕಡೆಗಿನ ಏರಾಗಲಿ ಒಳ್ಳೆ ಪರೀಕ್ಷೆ, ಅಷ್ಟು ದೂರ ಬಿಡದಿದ್ದರೆ ಊರಿನ ಹತ್ತಿರದ ಯಾವುದಾದರೂ ಉದ್ದನೆಯ ಏರು ಆದರೂ ಸಾಕು. ನಾಲ್ಕು ಜನ ಕೂತುಕೊಳ್ಳಿ. ಏರಿನಲ್ಲಿ ಥರ್ಡ್ ಗೇರ್‌ನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಟೆಂಪರೇಚರ್ ಮುಳ್ಳು ಮಧ್ಯ ದಾಟಿ ಮೇಲೆ ಹೋಗಬಾರದು. ಇಳಿಯುವಾಗ ಸೆಕೆಂಡ್ ಗೇರ್‌ನಲ್ಲಿ ಬಿಡಿ, ಗೇರ್ ತಾನಾಗಿ ಹೊರಗೆ ಹಾರುತ್ತದಾ ನೋಡಿ, ಹಳೇ ಜೀಪುಗಳಲ್ಲಿ ಈ ದೋಷ ಇದ್ದರೆ ಘಾಟಿಯಲ್ಲಿ ಜೀವಕ್ಕೇ ಅಪಾಯ. ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು, ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋಗಬಾರದು. ಹ್ಯಾಂಡ್ ಬ್ರೇಕ್ ಅಂತೂ ಏರಿನಲ್ಲಿ ನಿಲ್ಲಿಸಿಯೇ ನೋಡಬೇಕು.

ಫೋರ್ ವೀಲ್ ಇದೆ ಅಂದರೆ ಲಿವರ್ ಇದೆ ಅಂತ ಮಾತ್ರ ಅರ್ಥ, ಅದು ಕೆಲಸ ಮಾಡುತ್ತದೆ ಅಂತ ಅಲ್ಲ. ಮುಂದಿನ ಚಕ್ರದ ಮಧ್ಯದಲ್ಲಿ ಕೈಯಲ್ಲಿ ತಿರುಗಿಸಿ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಹಬ್ ಲಾಕ್ ಇರುವ ಹಳೇ ಜೀಪಾದರೆ ಎರಡೂ ಹಬ್ ಫ್ರೀ ಇಟ್ಟು, ಫೋರ್ ವೀಲ್‌ಗೆ ಹಾಕಿ, ಅಂಗಳದಲ್ಲಿ ಮೆಲ್ಲಗೆ ಓಡಿಸಲು ಹೇಳಿ. ನೀವು ಪಕ್ಕದಲ್ಲಿ ದೂರ ನಿಂತು ಬಗ್ಗಿ ನೋಡಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗಿದರೆ ಟ್ರಾನ್ಸ್‌ಫರ್ ಕೇಸ್ ಸರಿ ಇದೆ. ಆಮೇಲೆ ಟೂ ವೀಲ್‌ಗೆ ತಂದು, ಹಬ್ ಲಾಕ್ ಮಾಡಿ ಓಡಿಸಿ. ಈಗ ಅದೇ ಶಾಫ್ಟ್ ಚಕ್ರದ ಕಡೆಯಿಂದ ತಿರುಗಬೇಕು, ತಿರುಗದಿದ್ದರೆ ಯಾವುದೋ ಒಂದು ಹಬ್ ಹಿಡಿಯುತ್ತಿಲ್ಲ. ಕೊನೆಗೆ ಎರಡನ್ನೂ ಹಾಕಿ ಜಾರುವ ಮಣ್ಣಿನ ಏರಿನಲ್ಲಿ ಹತ್ತಿಸಿ, ಲೋ ಗೇರ್ ಕೂಡ ಹಾಕಿ ನೋಡಿ. ಒಣಗಿದ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಬೇಡಿ, ಗೇರುಗಳು ಬಿಗಿದುಕೊಂಡು ಇರುವ ಗಾಡಿಯೂ ಹಾಳಾಗುತ್ತದೆ.

ಗಾಡಿ ಇಷ್ಟರಲ್ಲಿ ಪಾಸಾದರೆ ಆರ್‌ಸಿ ಕೇಳಿ. ಚಾಸಿ ಮೇಲೆ ಹೊಡೆದ ನಂಬರಿಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಎಂಜಿನ್ ನಂಬರನ್ನೂ ಓದಿ, ಎರಡನ್ನೂ ಆರ್‌ಸಿಯಲ್ಲಿ ಅಕ್ಷರ ಅಕ್ಷರ ತಾಳೆ ನೋಡಿ. ನಮ್ಮ ಕಡೆ ಇದು ತುಂಬಾ ಮುಖ್ಯ. ಹಳೇ ಮಹೀಂದ್ರ ಜೀಪುಗಳಾದ ಮೇಜರ್, ಕಮಾಂಡರ್, ಎಂಎಂ 540ಗಳಿಗೆ ಬೇರೆ ಎಂಜಿನ್ ಕೂರಿಸುವುದು, ಟೂ ವೀಲ್ ಗಾಡಿಯನ್ನು ಫೋರ್ ವೀಲ್ ಮಾಡುವುದು, ಟಾಪ್ ಬದಲಾಯಿಸುವುದು ನಡೆದೇ ಇದೆ. ನೋಡಲು ಚೆಂದ ಇರಬಹುದು. ಆದರೆ ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾಗಿ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಎಫ್‌ಸಿಗೆ ಅಂದರೆ ಫಿಟ್ನೆಸ್ ತಪಾಸಣೆಗೆ ಹೋದಾಗಲೋ, ಅಪಘಾತದ ಕ್ಲೇಮ್ ಹೊತ್ತಿನಲ್ಲೋ ಸಿಕ್ಕಿಬೀಳುವುದು ಆಗಿನ ಮಾಲೀಕರು, ಅಂದರೆ ನೀವು.

ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇನ್ಶೂರೆನ್ಸ್, ಸಾಲ ಇದೆಯಾ ಅನ್ನುವುದೆಲ್ಲ ಕಾಣುತ್ತದೆ. ಚಲನ್ ಬಾಕಿಯನ್ನೂ ನೋಡಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ತಕರಾರಿಲ್ಲ ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲೇ 600ರಿಂದ 5,000 ರೂಪಾಯಿಗೆ ಏರಿತ್ತು, 20 ವರ್ಷ ದಾಟಿದವಕ್ಕೆ ಆಮೇಲೆ ಇನ್ನೂ ಜಾಸ್ತಿಯಾಗಿದೆ. ಜೊತೆಗೆ ಹಸಿರು ತೆರಿಗೆ.

ಒಕ್ಕದ ಮನೆಗಳಲ್ಲಿ ಅಂದರೆ ಕೊಡವರ ಕೂಡುಕುಟುಂಬದ ಮನೆಗಳಲ್ಲಿ, ಹಳೇ ತೋಟಗಳಲ್ಲಿ ಇನ್ನೊಂದು ತೊಡಕು ಇರುತ್ತದೆ. ಜೀಪ್ ತೀರಿಹೋದ ತಾತನ ಹೆಸರಿನಲ್ಲೇ ಉಳಿದಿರುತ್ತದೆ, ಮಾರಲು ಬಂದಿರುವುದು ಮೊಮ್ಮಗ. ಆತ ಒಳ್ಳೆಯವನೇ ಇರಬಹುದು, ಆದರೆ ಮೊದಲು ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಆಗಲಿ, ಅದಾದ ಮೇಲೆ ನಿಮಗೆ. ಅಣ್ಣತಮ್ಮಂದಿರ ಒಪ್ಪಿಗೆಯೂ ಬರಹದಲ್ಲಿ ಇರಲಿ. ಗುರುತಿನವರು ಅಂತ ಸಂಕೋಚಪಟ್ಟು ಇದನ್ನು ಬಿಡಬೇಡಿ.

ಕೊಡಗಿನ ಕೆಎ 12 ಬಿಟ್ಟು ಬೇರೆ ರಾಜ್ಯದ ನಂಬರ್ ಆದರೆ ಬೆಲೆ ಕಡಿಮೆ ಅಂತ ಹಿಗ್ಗಬೇಡಿ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಎಷ್ಟೋ ಗಾಡಿಗಳು ದಕ್ಷಿಣಕ್ಕೆ ಬಂದಿವೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಬೇಕು, ಅದಕ್ಕೆ ಆ ರಾಜ್ಯದ ಎನ್‌ಒಸಿ ಅಂದರೆ ಫಾರಂ 28, ಮತ್ತು ಕರ್ನಾಟಕದ ಆಜೀವ ತೆರಿಗೆ. ಈ ತೆರಿಗೆ ಎಷ್ಟು ಅಂತ ಮಡಿಕೇರಿ ಆರ್‌ಟಿಒದಲ್ಲಿ ಕೇಳಿಕೊಂಡೇ ರೇಟ್ ಮಾತಾಡಿ.

ರೇಟ್ ಮಾತಾಡುವಾಗ ಬಾಯಲ್ಲಿ ಎಳೆದಾಡಬೇಡಿ, ಒಂದು ಚೀಟಿಯಲ್ಲಿ ಬರೆಯಿರಿ. ಟೈರ್, ಬ್ಯಾಟರಿ, ಕ್ಲಚ್, ಸ್ಪ್ರಿಂಗ್, ಇನ್ಶೂರೆನ್ಸ್, ತೆರಿಗೆ, ಪೂರ್ತಿ ಸರ್ವಿಸ್. ನಿಮ್ಮ ಮೆಕ್ಯಾನಿಕ್ ಹತ್ತಿರ ಒಂದೊಂದರ ಖರ್ಚು ಹಾಕಿಸಿ, ಅದೇ ಮಾಡೆಲ್‌ನ ಒಳ್ಳೆ ಗಾಡಿಯ ಬೆಲೆಯಿಂದ ಕಳೆಯಿರಿ. ಉಳಿಯುವುದು ನೀವು ಕೊಡಬೇಕಾದ ಬೆಲೆ. ಅದಕ್ಕಿಂತ ಮೇಲೆ ಕೇಳಿದರೆ ಎದ್ದು ಬನ್ನಿ. ಕೈಯಲ್ಲಿರುವುದನ್ನೆಲ್ಲ ಅಲ್ಲೇ ಸುರಿಯದೆ ಐದರಲ್ಲಿ ಒಂದು ಪಾಲು ಮೊದಲ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಕಾಫಿ ದುಡ್ಡು ಕೈಗೆ ಬರುವ ಹೊತ್ತಿನಲ್ಲಿ ಕೊಳ್ಳುವವರು ಜಾಸ್ತಿ, ಕಾಯುವುದಕ್ಕೆ ಆಗುತ್ತೆ ಅಂದರೆ ಮಳೆಗಾಲದಲ್ಲಿ ಹುಡುಕಿ, ಸೋರುವ ಟಾಪ್, ಕೆಲಸ ಮಾಡದ ವೈಪರ್ ಎಲ್ಲವೂ ಆಗ ಕಣ್ಣೆದುರೇ ಇರುತ್ತವೆ.

ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಗಾಡಿ ಕೈಗೆ ಬಂದ ದಿನಾಂಕ, ಗಂಟೆ ಬರೆದು ಇಬ್ಬರೂ ಸಹಿ ಹಾಕಿದ ಚೀಟಿ ಇರಲಿ. ಹೆಸರು ವರ್ಗಾವಣೆಯ ಫಾರಂ 29, 30 ಸಹಿ ಆಗದೆ ಪೂರ್ತಿ ಹಣ ಕೊಡಬೇಡಿ, ಮೂವತ್ತು ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಮಾರುವವರಿಗೂ ಇದು ಬೇಗ ಆಗುವುದೇ ಒಳ್ಳೆಯದು, ಅವರಿಗೆ ಇದನ್ನು ಹೇಳಿದರೆ ಸಾಮಾನ್ಯವಾಗಿ ತಕರಾರು ಮಾಡಲ್ಲ. ಇನ್ಶೂರೆನ್ಸ್ ಕಂಪನಿಗೆ ಹದಿನಾಲ್ಕು ದಿನದೊಳಗೆ ತಿಳಿಸಿ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.