ತಂಗೀ, ಮೊದಲು ಆಸ್ಪತ್ರೆ, ಆಮೇಲೆ ಕಾಗದ

ಲೈಂಗಿಕ ದೌರ್ಜನ್ಯ ಆದಾಗ ನಮ್ಮ ಕಡೆಯ ಕಾಲೇಜು ಹುಡುಗಿಯ ಬಾಯಿ ಕಟ್ಟುವುದು ಮನೆಯ ಚಿಂತೆ. “ಮನ್ಯಾಗ ಗೊತ್ತಾದ್ರ ಕಾಲೇಜ್ ಬಿಡಸ್ತಾರ್ರೀ ಅಕ್ಕಾರ.” ಇಂಡಿ, ಸಿಂದಗಿ, ದೇವರ ಹಿಪ್ಪರಗಿ ಕಡೆಯಿಂದ ದಿನಾ ಬಸ್ಸಿಗೆ ಬರುವವರೂ ಇದನ್ನೇ ಹೇಳುತ್ತಾರೆ, ಹಾಸ್ಟೆಲ್ಲಿನಲ್ಲಿ ಇರುವವರೂ ಇದನ್ನೇ ಹೇಳುತ್ತಾರೆ. ಪೊಲೀಸು, ಕೋರ್ಟು ಎಂಬ ಹೆದರಿಕೆ ಆಮೇಲಿನದು.

ನಾನು ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಲೈಂಗಿಕ ಕಿರುಕುಳದ ದೂರು ಕೇಳುವ ಅಲ್ಲಿಯ ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯೂ ಹೌದು. ನನ್ನ ಮುಂದೆ ಕೂತು ಮಾತಾಡಿದ ಯಾವ ಹುಡುಗಿಯ ಕಥೆಯನ್ನೂ ಇಲ್ಲಿ ಹೇಳುವುದಿಲ್ಲ. ಹೇಳಬಾರದೆಂದು, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ 16ನೇ ಕಲಮಿನಲ್ಲೇ ಇದೆ, ನನ್ನ ಮನಸ್ಸೂ ಒಪ್ಪುವುದಿಲ್ಲ. ದಾರಿ ಯಾವುವು, ಯಾವುದಕ್ಕೆ ಎಷ್ಟು ಸಮಯ ಇದೆ ಎಂಬುದನ್ನಷ್ಟೇ ಬರೆಯುತ್ತೇನೆ. ಆಸ್ಪತ್ರೆ, ಕಾಲೇಜಿನ ಸಮಿತಿ, ಪೊಲೀಸ್ ಠಾಣೆ ಮೂರೂ ಬೇರೆ ಬೇರೆ ಬಾಗಿಲು. ಒಂದಕ್ಕೇ ಹೋಗಬಹುದು, ಮೂರಕ್ಕೂ ಹೋಗಬಹುದು. ಯಾವುದಕ್ಕೆ ಹೋದರೂ ನಿನ್ನ ಓದು ನಿಲ್ಲದಂತೆ ನೋಡಿಕೊಳ್ಳುವುದು ಕಾಲೇಜಿನ ಹೊಣೆ.

ಆಸ್ಪತ್ರೆಗೆ ತಡ ಮಾಡಬೇಡ

ಅತ್ಯಾಚಾರ ಆಗಿದ್ದರೆ, ದೂರು ಕೊಡಬೇಕೋ ಬೇಡವೋ ಎಂಬುದನ್ನು ನಾಳೆ ಯೋಚಿಸು. ಔಷಧಿಗೆ ಮಾತ್ರ ಗಡಿಯಾರ ಓಡುತ್ತಿರುತ್ತದೆ. ಗರ್ಭ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಎಚ್‌ಐವಿ ತಗಲದಂತೆ ಕೊಡುವ ಮಾತ್ರೆಗಳನ್ನೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ತಪ್ಪದೆ ನುಂಗಬೇಕು. ಇವು ಸಿಗುವುದು ಸರಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ. ಬೆಳಗಾವಿಯಲ್ಲಿದ್ದರೆ ಬಿಮ್ಸ್‌ಗೆ ಹೋಗು. ಖಾಸಗಿ ಆಸ್ಪತ್ರೆಯೂ ಮೊದಲ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ಒಲ್ಲೆ ಅಂದರೆ ಅದು ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ.

ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗು. ಆವಾಗ ತೊಟ್ಟಿದ್ದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡ, ಹಸಿ ಕಟ್ಟಿ ಹಾಳಾಗುತ್ತದೆ. ಹಳೆಯ ಪೇಪರಿನಲ್ಲಿ ಸುತ್ತಿ ಇಡು. ಮೈ ತೊಳೆದುಕೊಂಡುಬಿಟ್ಟಿದ್ದರೂ ಎಲ್ಲ ಮುಗಿಯಿತು ಅಂದುಕೊಳ್ಳಬೇಡ. ಬಹಳ ಹುಡುಗಿಯರು ಮೊದಲು ಮಾಡುವುದೇ ಅದು, ಅದರಲ್ಲಿ ತಪ್ಪಿಲ್ಲ. ಆಮೇಲೂ ಹೋಗು.

18 ತುಂಬಿದ್ದರೆ ತಪಾಸಣೆಗೆ ನಿನ್ನ ಒಪ್ಪಿಗೆ ಸಾಕು, ಅಪ್ಪನ ಸಹಿ ಬೇಕಿಲ್ಲ. ಚಿಕಿತ್ಸೆ ತೆಗೆದುಕೊಂಡು ಸಾಕ್ಷ್ಯದ ತಪಾಸಣೆ ಬೇಡ ಎನ್ನಬಹುದು. ಹೆಣ್ಣು ಡಾಕ್ಟರ್ ಬೇಕೆಂದು ಕೇಳು. ಇಲ್ಲದಿದ್ದರೆ ತಪಾಸಣೆಯ ಹೊತ್ತಿನಲ್ಲಿ ಹೆಣ್ಣುಮಗಳೊಬ್ಬಳು ಕೋಣೆಯಲ್ಲಿ ಇರಬೇಕು. ಹುಡುಗಿಗೆ ಮೊದಲೇ ಸಂಭೋಗದ ರೂಢಿ ಇತ್ತೋ ಎಂದು ಒಳಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಎಂಬ ಅನಿಷ್ಟವನ್ನು ಸುಪ್ರೀಂ ಕೋರ್ಟು 2013ರಲ್ಲೇ ತಪ್ಪು ಅಂದಿತ್ತು, 2022ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು. ಯಾರಾದರೂ ಮಾಡಲು ಬಂದರೆ ಬೇಡ ಅನ್ನು.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು, ಅದು ಅವರ ಮೇಲಿರುವ ಕಾನೂನಿನ ಹೊಣೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದರೆ ಹಾಸಿಗೆಯ ಪಕ್ಕ ಖಾಕಿ ಕಂಡಾಗ ಹುಡುಗಿಯರು ಮೋಸ ಹೋದೆವೆಂದು ಗಾಬರಿಯಾಗುತ್ತಾರೆ. ಪೊಲೀಸರು ಬಂದ ಮೇಲೂ ಈಗ ದೂರು ಕೊಡುವುದಿಲ್ಲ ಎಂದು ಹೇಳಬಹುದು, ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ಹಾಗಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ದಿನ ಮೀರಿ ಗರ್ಭ ನಿಂತಿದ್ದರೂ ದಾರಿ ಇದೆ. ಗರ್ಭಪಾತದ ಕಾನೂನಿಗೆ ಆದ 2021ರ ತಿದ್ದುಪಡಿಯ ಪ್ರಕಾರ ಅತ್ಯಾಚಾರಕ್ಕೆ ಒಳಗಾದವಳು 24 ವಾರದವರೆಗೆ ಗರ್ಭ ತೆಗೆಸಿಕೊಳ್ಳಬಹುದು. ಊರಿನ ಯಾರ್‍ಯಾರದೋ ಮಾತು ಕೇಳಿ ಅಂಗಡಿಯ ಮಾತ್ರೆ ನುಂಗಬೇಡ, ಸರಕಾರಿ ದವಾಖಾನೆಗೆ ಹೋಗು.

ಎಲ್ಲಿ ಹೋಗಬೇಕೆಂದೇ ತಿಳಿಯದಿದ್ದರೆ 181ಕ್ಕೆ ಫೋನ್ ಮಾಡು, ಅದು ಮಹಿಳಾ ಸಹಾಯವಾಣಿ. ಅವರೇ ಸಖಿ ಒನ್ ಸ್ಟಾಪ್ ಸೆಂಟರಿಗೆ ಜೋಡಿಸುತ್ತಾರೆ. ಸಖಿಯಲ್ಲಿ ಆಪ್ತಸಮಾಲೋಚನೆ, ಆಸ್ಪತ್ರೆ, ಪೊಲೀಸು, ವಕೀಲರ ನೆರವು ಒಂದೇ ಕಡೆ ಸಿಗುತ್ತದೆ. ಮನೆಗೆ ಹೋಗುವಂತಿಲ್ಲದಿದ್ದರೆ ಕೆಲವು ದಿನ ಉಳಿಯಲು ಜಾಗವೂ ಇರುತ್ತದೆ. ಈ ಕ್ಷಣಕ್ಕೇ ಅಪಾಯ ಇದ್ದರೆ 112. ರಾತ್ರಿ ನಿದ್ದೆ ಬರದೆ ಸಾಯಬೇಕೆನಿಸಿದರೆ 14416, ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾಲೇಜಿನ ಸಮಿತಿಗೆ ಬರೆಯುವುದು

ಯುಜಿಸಿಯ 2015ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳೆ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ವಿಷಯ ವಿದ್ಯಾರ್ಥಿಗಳದ್ದಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಕೂಡುತ್ತಾರೆ. ಕ್ಲಾಸು, ಹಾಸ್ಟೆಲ್ ಅಷ್ಟೇ ಇದರ ಹದ್ದು ಅಲ್ಲ. ಕಾಲೇಜಿನ ಬಸ್ಸು, ಎನ್‌ಎಸ್‌ಎಸ್ ಶಿಬಿರ, ಬಾದಾಮಿ ಪಟ್ಟದಕಲ್ಲಿಗೆ ಹೋದ ಅಧ್ಯಯನ ಪ್ರವಾಸ, ಯುವಜನೋತ್ಸವ, ಇಂಟರ್ನ್‌ಶಿಪ್ ಎಲ್ಲವೂ ಸೇರುತ್ತವೆ. ಗಂಡು ಹುಡುಗರಿಗೆ, ತೃತೀಯ ಲಿಂಗಿಗಳಿಗೆ ಆದ ದೌರ್ಜನ್ಯವನ್ನೂ ಈ ನಿಯಮ ಲೆಕ್ಕಕ್ಕೆ ಹಿಡಿದಿದೆ. ಗಂಡು ಹುಡುಗರು ನಮ್ಮ ಬಾಗಿಲಿಗೆ ಬರಲು ಇನ್ನೂ ನಾಚುತ್ತಾರೆ. ಬರಬೇಕು.

ಘಟನೆ ಆದ 3 ತಿಂಗಳೊಳಗೆ ದೂರು ಕೊಡಬೇಕು. ಪದೇ ಪದೇ ಆಗಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾಗಲು ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಹೆದರಿಕೆಯೂ ಕಾರಣವೇ, ಅದನ್ನು ಹಾಗೇ ಬರೆ.

ಇನ್ನು ಬರೆಯುವ ರೀತಿ. ನನ್ನ ಕೈಗೆ ಬರುವ ಮೊದಲ ಕಾಗದಗಳಲ್ಲಿ “ಸರ್ ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿದರು” ಎಂಬ ಒಂದೇ ವಾಕ್ಯ ಇರುತ್ತದೆ. ಹುಡುಗಿ ನಾಚಿಕೊಂಡು ಹಾಗೆ ಬರೆದಿರುತ್ತಾಳೆ. ವಿಚಾರಣೆಯಲ್ಲಿ ಆ ವಾಕ್ಯಕ್ಕೆ ಕಾಲೇ ಇರುವುದಿಲ್ಲ; ಎದುರಿನವನು “ಜೋರಾಗಿ ಬೈದೆ ಅಷ್ಟೇ” ಎಂದುಬಿಡುತ್ತಾನೆ. ನಾನು ಬಾಗಿಲು ಹಾಕಿ, ಆಕೆಯನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸುತ್ತೇನೆ, ನನ್ನ ಮುಖ ನೋಡಿಕೊಂಡು ಹೇಳುವ ಕಷ್ಟ ಬೇಡ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆ, ಬಾಗಿಲು ಹಾಕಿತ್ತೋ ತೆರೆದಿತ್ತೋ, ಅವನು ಏನಂದ, ಕೈ ಎಲ್ಲಿಟ್ಟ, ನೀನು ಏನು ಮಾಡಿದೆ, ಆಮೇಲೆ ಮೊದಲು ಯಾರಿಗೆ ಹೇಳಿದೆ. ಇಷ್ಟು ಕೇಳಿ, ಆಕೆಯ ಬಾಯಿಂದ ಬಂದ ನಮ್ಮ ಆಡುಮಾತಿನಲ್ಲೇ ಬರೆಯಲು ಹೇಳುತ್ತೇನೆ. “ಎದೀಗೆ ಕೈ ಹಾಕಿದ” ಅಂದರೆ ಹಾಗೇ ಬರೆಯಬೇಕು. ಅದನ್ನು ಗ್ರಂಥದ ಕನ್ನಡ ಮಾಡುವುದು ಬೇಡ, ಇಂಗ್ಲಿಷ್ ಅಂತೂ ಬೇಡವೇ ಬೇಡ. ತಾರೀಖು ನೆನಪಿಲ್ಲದಿದ್ದರೆ “ಎರಡನೇ ಇಂಟರ್ನಲ್ ಮುಗಿದ ವಾರ” ಅಂತ ಬರೆ, ಊಹೆ ಮಾಡಿ ತಾರೀಖು ಹಾಕಬೇಡ. ಕೈ ನಡುಗಿ ಬರೆಯಲಾಗದಿದ್ದರೆ ಸಮಿತಿಯ ಸದಸ್ಯರು ಬರೆದುಕೊಳ್ಳಲು ನೆರವಾಗಬೇಕು. ಓದಿ ಹೇಳಿಸಿಕೊಂಡೇ ಸಹಿ ಮಾಡು. ಒಂದು ಪ್ರತಿಯ ಮೇಲೆ “ತಲುಪಿದೆ” ಎಂದು ತಾರೀಖು, ಸಹಿ ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ. ಇಷ್ಟನ್ನು ಮರೆತರೆ ಆಮೇಲೆ ಬಹಳ ತೊಂದರೆ.

ದೂರು ಕೊಟ್ಟ ದಿನವೇ ಇನ್ನೊಂದು ಅರ್ಜಿ ಕೊಡು: ಮಧ್ಯಂತರ ಪರಿಹಾರಕ್ಕೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾನು ದೊಡ್ಡ ದನಿಯಲ್ಲಿ ಹೇಳುತ್ತೇನೆ. ಆರೋಪಿ ಉಪನ್ಯಾಸಕನಾಗಿದ್ದರೆ ಅವನು ನಿನ್ನ ಇಂಟರ್ನಲ್ ಅಂಕ ಹಾಕಬಾರದು, ಪ್ರಾಕ್ಟಿಕಲ್ ಪರೀಕ್ಷೆಗೆ ಬರಬಾರದು, ಪ್ರಾಜೆಕ್ಟು ನೋಡಬಾರದು ಎಂದು ಕೇಳಬಹುದು. ಅವನು ದೂರ ಇರುವಂತೆ, ಬೇಕಾದರೆ ಕ್ಯಾಂಪಸ್ಸಿಗೇ ಬರದಂತೆ ಮಾಡಿಸಬಹುದು. ನಿನಗೆ 3 ತಿಂಗಳವರೆಗೆ ರಜೆ ಸಿಗಬಹುದು, ಹಾಜರಿ, ಸೌಲಭ್ಯ ಯಾವುದಕ್ಕೂ ಧಕ್ಕೆ ಇಲ್ಲದಂತೆ. ಹಾಜರಿ ಸಾಲದೆ ಹಾಲ್‌ಟಿಕೆಟ್ ತಪ್ಪಿ ಹುಡುಗಿ ಊರಿಗೆ ಹೋಗಿಬಿಟ್ಟರೆ, ತಪ್ಪು ಮಾಡಿದವನು ಏನೂ ಮಾಡದೆಯೇ ಗೆದ್ದಂತೆ. ಅದಕ್ಕೇ ಈ ಅರ್ಜಿ ನನಗೆ ದೂರಿನಷ್ಟೇ ಮುಖ್ಯ.

“ಇಬ್ಬರನ್ನೂ ಕೂರಿಸಿ ಮುಗಿಸೋಣ, ಕಾಲೇಜಿನ ಹೆಸರು ಕೆಡತದ” ಎಂದು ಹಿರಿಯರು ಬಂದೇ ಬರುತ್ತಾರೆ. ರಾಜಿ ನೀನಾಗಿ ಕೇಳಿದರೆ ಮಾತ್ರ. ದುಡ್ಡಿನ ಮೇಲೆ ರಾಜಿ ಮಾಡುವಂತೆಯೇ ಇಲ್ಲ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿ ಬಂದ 30 ದಿನದೊಳಗೆ ಆಡಳಿತ ಕ್ರಮ ತೆಗೆದುಕೊಳ್ಳಬೇಕು. ಒಪ್ಪಿಗೆಯಾಗದಿದ್ದರೆ ಅದೇ 30 ದಿನದಲ್ಲಿ ಮೇಲ್ಮನವಿ ಹಾಕು. ವಿಚಾರಣೆಯಲ್ಲಿ ಎರಡೂ ಕಡೆ ವಕೀಲರಿರುವುದಿಲ್ಲ. ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ. ಸುಳ್ಳು ದೂರು ಆಗುತ್ತದೆಂದು ಹೆದರಿಸುವವರಿಗೆ ಕಿವಿಗೊಡಬೇಡ.

ಕಾಲೇಜಿನ ಉಪನ್ಯಾಸಕಿ, ಅಟೆಂಡರ್, ಹೊರಗುತ್ತಿಗೆಯ ಕಸಗುಡಿಸುವ ಅಕ್ಕ ಇವರಿಗೂ ಇದೇ ಸಮಿತಿ. ಸಮಿತಿಯೇ ಇಲ್ಲದಿದ್ದರೆ, ಅಥವಾ ದೂರು ಸಂಸ್ಥೆಯ ಮಾಲೀಕರ ಮೇಲೆಯೇ ಆದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ವಿಳಾಸವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿ. ಸಮಿತಿ ರಚಿಸದ ಸಂಸ್ಥೆಗೆ 50,000 ರೂಪಾಯಿವರೆಗೆ ದಂಡ ಇದೆ.

ಪೊಲೀಸರ ಹತ್ತಿರ

ಸಮಿತಿಗೆ ಕೊಟ್ಟರೂ ಠಾಣೆಗೆ ಕೊಡಬಹುದು, ಎರಡೂ ಒಟ್ಟಿಗೆ ನಡೆಯುತ್ತವೆ. ಠಾಣೆಗೆ ಹೋಗಲು ನೆರವು ಕೊಡುವುದೂ ಕಾಲೇಜಿನ ಹೊಣೆಯೇ.

ಘಟನೆ ಬೆಳಗಾವಿಯಲ್ಲಾಗಿ ನೀನು ಮುದ್ದೇಬಿಹಾಳದ ಮನೆಯಲ್ಲಿದ್ದರೆ ಅಲ್ಲಿಯ ಠಾಣೆಯಲ್ಲೇ ದೂರು ಕೊಡು; “ನಮ್ಮ ಹದ್ದಿಗೆ ಬರೂದಿಲ್ಲ” ಅನ್ನುವಂತಿಲ್ಲ. ಜೀರೋ ಎಫ್‌ಐಆರ್ (ಹದ್ದು ನೋಡದೆ ದೂರು ದಾಖಲಿಸುವುದು) ಮಾಡಿ, ಘಟನೆ ಆದ ಕಡೆಯ ಠಾಣೆಗೆ ಅವರೇ ಕಳಿಸಬೇಕು. ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಅತ್ಯಾಚಾರದ ಪ್ರಕರಣದಲ್ಲಿ ನಿನ್ನ ಹೇಳಿಕೆಯನ್ನು ಮನೆಯಲ್ಲಿ ಅಥವಾ ನೀನು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಒಲ್ಲೆ ಅಂದರೆ ವಿಜಯಪುರ, ಬಾಗಲಕೋಟೆಯಲ್ಲಿ ಎಸ್‌ಪಿಯವರಿಗೆ, ಬೆಳಗಾವಿ ನಗರದಲ್ಲಿ ಪೊಲೀಸ್ ಆಯುಕ್ತರಿಗೆ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸು. ನೀನು ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿ ಅವನು ಆ ಎರಡಕ್ಕೂ ಸೇರದವನಾದರೆ ದೂರಿನಲ್ಲಿ ಅದನ್ನು ಬರೆಯಲೇಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಡಿವೈಎಸ್‌ಪಿ ಮಟ್ಟದವರು ತನಿಖೆ ಮಾಡಬೇಕಾಗುತ್ತದೆ.

ವಕೀಲರಿಗೆ ದುಡ್ಡಿಲ್ಲವೆಂದು ಹಿಂದೆ ಸರಿಯಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಗಳಿಗೆ ಕಾನೂನು ನೆರವು ಉಚಿತ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಇಲ್ಲವೇ 15100ಕ್ಕೆ ಫೋನ್ ಮಾಡು. ಸಂತ್ರಸ್ತರ ಪರಿಹಾರದ ಅರ್ಜಿಯನ್ನೂ ಅಲ್ಲಿಯೇ ಕೊಡುವುದು. ಆರೋಪಿ ಸಿಗದಿದ್ದರೂ ಆ ಅರ್ಜಿ ಹಾಕಬಹುದು.

ಪಿಯುಸಿ ಹುಡುಗಿಯರಿಗೆ ಒಂದು ಮಾತು ಬೇರೆ. 18 ತುಂಬಿರದಿದ್ದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ. ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ನಾನೂ ಸೇರಿ. ಅಂಥ ಹುಡುಗಿ ಬಾಯಿ ತೆರೆಯುವ ಮೊದಲೇ ನಾನಿದನ್ನು ಹೇಳುತ್ತೇನೆ, ಗುಟ್ಟಾಗಿಡುತ್ತೇನೆಂದು ಆಣೆ ಮಾಡುವುದಿಲ್ಲ. 1098 ಮಕ್ಕಳ ಸಹಾಯವಾಣಿ.

ಫೋಟೋ, ವಿಡಿಯೋ ಹಿಡಿದು ಹೆದರಿಸುತ್ತಿದ್ದರೆ ಚಾಟ್ ಅಳಿಸಬೇಡ, ದುಡ್ಡು ಕೊಡಬೇಡ. ನಂಬರು, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೋ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು.

ಗೆಳತಿಯಾಗಿ ಜೊತೆಗಿರುವವಳಿಗೆ

ಆಕೆ ಮೊದಲು ಹೇಳುವುದು ನಿನಗೇ. “ಅಲ್ಲಿ ಯಾಕ ಹೋಗಿದ್ದಿ” ಎಂದು ಕೇಳಬೇಡ. ಊಟ ಮಾಡಿಸು, ರಾತ್ರಿ ಒಬ್ಬಳನ್ನೇ ಬಿಡಬೇಡ, ದವಾಖಾನೆಗೆ ಜೊತೆ ಹೋಗು. ಆಕೆ ಹೇಳಿದ ತಾರೀಖು, ಹೊತ್ತನ್ನು ಒಂದು ಹಾಳೆಯಲ್ಲಿ ಬರೆದಿಡು, ನಾಳೆ ನೀನೂ ಸಾಕ್ಷಿಯಾಗಬಹುದು. ಆಕೆ ಕೇಳದೆ ಅವರ ಮನೆಗೆ ಫೋನ್ ಮಾಡಬೇಡ. ಮನೆಯಲ್ಲಿ ಹೇಳುವುದಾದರೆ ಮೊದಲು ಯಾರಿಗೆ ಅಂತ ಆಕೆಯೇ ಆರಿಸಲಿ: ಅವ್ವನೋ, ಅತ್ತಿಯೋ, ಅಣ್ಣನೋ. ಬೇಕಾದರೆ ಅವರನ್ನು ಕಾಲೇಜಿಗೇ ಕರೆಸಿ ನಾವು ಕೂತು ಹೇಳುತ್ತೇವೆ, ಪರೀಕ್ಷೆಯ ವೇಳಾಪಟ್ಟಿಯನ್ನೂ ಮುಂದಿಟ್ಟುಕೊಂಡು. ಹಾಸ್ಟೆಲ್ಲಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಒಂದಕ್ಷರವೂ ಬೇಡ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡಿದರೆ 2 ವರ್ಷದವರೆಗೆ ಜೈಲು, ಅಯ್ಯೋ ಪಾಪ ಎಂದು ಹಾಕಿದ್ದರೂ.