ಆಡಳಿತಾತ್ಮಕ ತಿದ್ದುಪಡಿಗೂ ಪರಿಸರ ಪರಾಮರ್ಶೆ: ನಾನು ಮಾಡುವ ಬಗೆ

ಅಮೆರಿಕದ ಒಂದು ಪರಮಾಣು ವಿದ್ಯುತ್ ಸ್ಥಾವರದ ಲೈಸೆನ್ಸಿಂಗ್ ವಿಭಾಗದಲ್ಲಿ ನನ್ನ ಕೆಲಸ. ರಿಯಾಕ್ಟರಿನ ಬಳಿ ಹೋಗುವ ಪ್ರಮೇಯ ಕಡಿಮೆ. ದಿನವೆಲ್ಲ ಪರವಾನಗಿಯ ಪುಟಗಳ ಜೊತೆಗೇ. ಆ ಪುಟಗಳಲ್ಲಿರುವ ಒಂದು ಹುದ್ದೆಯ ಹೆಸರು ಬದಲಿಸಬೇಕಾದರೂ ಪರಮಾಣು ನಿಯಂತ್ರಣ ಆಯೋಗಕ್ಕೆ, ಅಂದರೆ ಎನ್‌ಆರ್‌ಸಿಗೆ, ತಿದ್ದುಪಡಿಯ ಅರ್ಜಿ ಹೋಗಬೇಕು. ಅರ್ಜಿಯಲ್ಲಿ ಪರಿಸರದ ಬಗ್ಗೆ ಒಂದು ಭಾಗ ಇರಬೇಕು. ಮ್ಯಾನೇಜರರ ಪದನಾಮ ಬದಲಾದರೆ ನದಿಗೇನಾಗುತ್ತದೆ ಎಂದು ವಿಭಾಗಕ್ಕೆ ಬರುವ ಹೊಸಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಇದರ ಬೇರು 1969ರ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಯಲ್ಲಿದೆ. ಎನ್‌ಆರ್‌ಸಿಗೆ ಮೊದಲು ಈ ಕೆಲಸ ನೋಡುತ್ತಿದ್ದ ಪರಮಾಣು ಶಕ್ತಿ ಆಯೋಗ ಅದನ್ನು ಹಗುರವಾಗಿ ತೆಗೆದುಕೊಂಡಿತ್ತು. ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಥಾವರದ ಪ್ರಕರಣದಲ್ಲಿ 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಆಯೋಗದ ಕಿವಿ ಹಿಂಡಿತು: ಪರಿಸರದ ವರದಿ ಕಡತದ ಜೊತೆ ಸುಮ್ಮನೆ ಸಾಗಿ ಬಂದರೆ ಸಾಲದು, ತೀರ್ಮಾನ ಮಾಡುವವರು ಅದನ್ನು ತೂಗಿ ನೋಡಬೇಕು. ಹಾಗೆಂದು ಪ್ರತಿ ಸಣ್ಣ ಬದಲಾವಣೆಗೂ ದೊಡ್ಡ ಅಧ್ಯಯನ ಮಾಡುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಅದಕ್ಕಾಗಿಯೇ ಫೆಡರಲ್ ನಿಯಮಗಳ 10ನೇ ಶೀರ್ಷಿಕೆಯ 51.22ನೇ ವಿಧಿ ಕೆಲವು ವರ್ಗದ ಕ್ರಮಗಳನ್ನು ಪಟ್ಟಿ ಮಾಡಿ, ಅವುಗಳಿಗೆ ಪ್ರತ್ಯೇಕ ಪರಿಸರ ಮೌಲ್ಯಮಾಪನ ಬೇಡ ಎನ್ನುತ್ತದೆ. ಕಾಯಿದೆಯಿಂದ ತಪ್ಪಿಸಿಕೊಳ್ಳುವ ದಾರಿ ಇದಲ್ಲ, ಕಾಯಿದೆಯನ್ನು ಪಾಲಿಸುವ ಬಗೆಗಳಲ್ಲಿ ಒಂದು.

ಆಡಳಿತಾತ್ಮಕ ಬದಲಾವಣೆಗಳಿಗೆ ಒದಗುವುದು 51.22ರ ಸಿ-10 ಉಪವಿಧಿ. ಅದರಡಿ ಬರುವವುಗಳಲ್ಲಿ ವಿಮೆ, ಪರಿಹಾರ ಭದ್ರತೆಯಂಥವು ಒಂದು ಕಡೆ. ದಾಖಲೆ, ವರದಿ, ಆಡಳಿತ ವಿಧಾನಗಳು ಇನ್ನೊಂದು ಕಡೆ. ಪರವಾನಗಿದಾರರ ಹೆಸರು-ವಿಳಾಸ, ಅಧಿಕಾರಿಗಳ ಹೆಸರು-ಪದನಾಮ, ಅಕ್ಷರ ತಿದ್ದುವಂಥ ಸಣ್ಣಪುಟ್ಟ ಪರಿಷ್ಕರಣೆಗಳನ್ನು 2010ರಲ್ಲಿ ಸ್ಪಷ್ಟವಾಗಿ ಸೇರಿಸಲಾಯಿತು. ಅರ್ಜಿಯಲ್ಲಿ ಈ ಭಾಗಕ್ಕೆ ನಾನು ಬರೆಯುವುದು ಒಂದೇ ಪ್ಯಾರಾ. ಹಳೆಯ ಅರ್ಜಿಯಿಂದ ನಕಲು ಮಾಡಿದರೆ ಎರಡು ನಿಮಿಷದ ಕೆಲಸ, ಅನೇಕರು ಮಾಡುವುದೂ ಅಷ್ಟೇ. ನನಗೆ ಅದು ಒಗ್ಗುವುದಿಲ್ಲ. ಒಂದು ಬದಲಾವಣೆಗೆ ‘ಆಡಳಿತಾತ್ಮಕ’ ಎಂಬ ಹಣೆಪಟ್ಟಿ ಹಚ್ಚಿದವರು ಯಾರು, ಯಾವ ಆಧಾರದ ಮೇಲೆ ಎಂದು ನೋಡದೆ ಆ ಪ್ಯಾರಾ ಬರೆಯಲು ಕೈ ಬರುವುದಿಲ್ಲ.

ಒಮ್ಮೆ ಒಂದೇ ಅರ್ಜಿಯಲ್ಲಿ ನಾಲ್ಕು ಬದಲಾವಣೆಗಳು ಬಂದಿದ್ದವು: ಕಂಪನಿಯ ಹೊಸ ಹೆಸರು, ಒಂದು ಪದನಾಮ, ಅವಧಿ ಮುಗಿದ ಒಂದು ಅಡಿಟಿಪ್ಪಣಿಯ ರದ್ದತಿ, ಪರಿಸರ ಸಂರಕ್ಷಣಾ ಯೋಜನೆಯ ವರದಿಗೆ ಸಂಬಂಧಿಸಿದ ತಿದ್ದುಪಡಿ. ಪದನಾಮ ಮತ್ತು ಅಡಿಟಿಪ್ಪಣಿ ಬೇಗ ಮುಗಿದವು. ಹೊಸ ಪದನಾಮದವರಿಗೆ ಹಳೆಯ ಹೊಣೆ ಪೂರ್ತಿ ಬಂದಿದೆಯೇ, ಅಡಿಟಿಪ್ಪಣಿಯ ದಿನಾಂಕ ನಿಜವಾಗಿಯೂ ಕಳೆದಿದೆಯೇ ಎಂದು ನೋಡಿದರೆ ಸಾಕಿತ್ತು.

ಕಂಪನಿಯ ಹೆಸರಿನ ವಿಷಯದಲ್ಲಿ ಕಾನೂನು ವಿಭಾಗಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ಬದಲಾದದ್ದು ಬರೀ ಹೆಸರೇ, ಒಡೆತನವೂ ಕೈ ಬದಲಾಗಿದೆಯೇ? ಬರೀ ಹೆಸರಾದರೆ ಸಿ-10. ಒಡೆತನ ಬದಲಾದರೆ ಅದು ಪರವಾನಗಿಯ ವರ್ಗಾವಣೆ. ಆಯೋಗದ ಮುಂಚಿತ ಒಪ್ಪಿಗೆ ಬೇಕು, ಪರಿಸರದ ಭಾಗವೂ ಸಿ-21ಕ್ಕೆ ಹೋಗುತ್ತದೆ. ಒಡೆತನ ಹಾಗೆಯೇ ಇದೆ ಎಂಬ ಉತ್ತರವನ್ನು ಲಿಖಿತವಾಗಿ ಪಡೆದು ಕಡತಕ್ಕೆ ಸೇರಿಸಿದೆ.

ತಲೆ ಕೆಡಿಸಿದ್ದು ನಾಲ್ಕನೆಯದು. ನಮ್ಮ ಪರವಾನಗಿಯ ‘ಬಿ’ ಅನುಬಂಧದಲ್ಲಿ ಪರಿಸರ ಸಂರಕ್ಷಣಾ ಯೋಜನೆ ಇದೆ. ಅದರಲ್ಲಿನ ಒಂದು ವರದಿ ಇನ್ನೊಂದು ಕಡೆಗೂ ಹೋಗುತ್ತಿದೆ, ಇಲ್ಲಿ ಪುನರಾವರ್ತನೆ ಬೇಡ ಎಂಬುದು ಸಂಬಂಧಪಟ್ಟ ವಿಭಾಗದ ವಾದ. ವರದಿ ಮಾಡುವ ನಿಯಮದ ಬದಲಾವಣೆ, ಆದ್ದರಿಂದ ಸಿ-10 ಎಂದು ಬರೆದು ಕಳಿಸಿದ್ದರು. ಗುರುತು ಹಾಕಿದ ಪುಟವನ್ನು ಮೇಜಿನ ಮೇಲೆ ಇಟ್ಟುಕೊಂಡು ಅಡ್ಡಗೆರೆ ಎಳೆದ ಪದಗಳನ್ನು ಒಂದೊಂದಾಗಿ ಓದಿದೆ. ಗೆರೆ ವರದಿಯ ವಾಕ್ಯದಲ್ಲಿ ಶುರುವಾಗಿ, ಪುಟದ ಕೊನೆಯಲ್ಲಿ ಅದರ ಹಿಂದಿನ ಕೆಲಸಕ್ಕೂ ಹರಿದಿತ್ತು: ನೀರು ಹೊರಬಿಡುವ ಕಾಲುವೆಯಲ್ಲಿ ಮಾದರಿ ತೆಗೆದು ಪರೀಕ್ಷಿಸುವ ವಾಕ್ಯಕ್ಕೂ. ವರದಿ ಕಾಗದ. ಮಾದರಿ ತೆಗೆಯುವುದೆಂದರೆ ಒಬ್ಬ ಮನುಷ್ಯ ಬಾಟಲಿ ಹಿಡಿದು ಕಾಲುವೆಯ ದಂಡೆಗೆ ಹೋಗುವುದು. ಆ ವಾಕ್ಯ ಹೋದರೆ, ಅವನು ಹೋಗಲೇಬೇಕೆಂಬ ಕಟ್ಟಳೆ ನಮ್ಮ ಪರವಾನಗಿಯಲ್ಲಿ ಉಳಿಯುವುದಿಲ್ಲ.

ಅಂದಿನಿಂದ ಪ್ರತಿ ಬದಲಾವಣೆಗೂ ನಾನು ಇದನ್ನೇ ಕೇಳುತ್ತೇನೆ: ಇದು ಜಾರಿಗೆ ಬಂದ ಮರುದಿನ ಸ್ಥಾವರದಲ್ಲಿ ಯಾರಾದರೂ ಬೇರೆ ರೀತಿ ನಡೆದುಕೊಳ್ಳುತ್ತಾರೆಯೇ, ಯಾವುದಾದರೂ ಕವಾಟ, ಪಂಪು, ಮಾದರಿ, ಅಳತೆ ಬದಲಾಗುತ್ತದೆಯೇ? ಬದಲಾಗುವುದಾದರೆ ಸಿ-10ರ ಮಾತು ಬೇಡ. ನಿರ್ಬಂಧಿತ ಪ್ರದೇಶದೊಳಗಿನ ಉಪಕರಣ ಅಥವಾ ತಪಾಸಣೆಯ ನಿಯಮವಾದರೆ ಸಿ-9 ನೋಡಬಹುದು. ಆದರೆ ಅದು ಷರತ್ತಿನ ಮೇಲೆ ನಿಂತಿದೆ: ಗಣನೀಯ ಅಪಾಯದ ಪ್ರಶ್ನೆ ಏಳಬಾರದು, ಹೊರಬೀಳುವ ತ್ಯಾಜ್ಯದ ಬಗೆಯಲ್ಲಿ ಗಣನೀಯ ವ್ಯತ್ಯಾಸವಾಗಲಿ ಪ್ರಮಾಣದಲ್ಲಿ ಗಣನೀಯ ಹೆಚ್ಚಳವಾಗಲಿ ಆಗಬಾರದು, ಕೆಲಸಗಾರರಿಗೆ ತಗಲುವ ವಿಕಿರಣ ಗಣನೀಯವಾಗಿ ಹೆಚ್ಚಬಾರದು. ಸಿ-10ಕ್ಕೆ ಈ ಷರತ್ತುಗಳಿಲ್ಲ. ಎಲ್ಲರೂ ಅದರೊಳಗೆ ನುಸುಳಲು ನೋಡುವುದು ಅದಕ್ಕೇ.

ವಿಭಾಗದವರು ಸುಲಭಕ್ಕೆ ಒಪ್ಪಲಿಲ್ಲ. ನೀರಿನ ಗುಣಮಟ್ಟಕ್ಕೆ ಬೇರೆಯೇ ಪರವಾನಗಿ ಇದೆಯಲ್ಲ ಎಂದರು. ಇರಬಹುದು. ಅದು ಒಳ್ಳೆಯ ವಾದವೇ, ಆದರೆ ಅದು ಪರಿಸರದ ವಾದ. ಅದನ್ನು ಆಡಳಿತದ ಹೊದಿಕೆಯೊಳಗೆ ಸುತ್ತಿ ಕಳಿಸಬಾರದು. ಕೊನೆಗೆ ವರದಿಯ ವಾಕ್ಯ ಅರ್ಜಿಯಲ್ಲಿ ಉಳಿಯಿತು. ಮಾದರಿಯ ವಾಕ್ಯವನ್ನು ಹೊರತೆಗೆದು, ಬೇಕಿದ್ದರೆ ತನ್ನದೇ ಸಮರ್ಥನೆಯೊಂದಿಗೆ ಬೇರೆಯಾಗಿ ಬರಲಿ ಎಂದು ಬಿಟ್ಟೆವು.

ಮಿಶ್ರ ಅರ್ಜಿಗಳಲ್ಲಿ ‘ಸಿ-9 ಮತ್ತು/ಅಥವಾ ಸಿ-10’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ನಾನು ಪ್ರತಿ ಬದಲಾವಣೆಯ ಎದುರು ಅದಕ್ಕೆ ಹೊಂದುವ ಉಪವಿಧಿಯನ್ನೂ ಅದರೊಳಗಿನ ಅಂಶವನ್ನೂ ಹೆಸರಿಸುತ್ತೇನೆ. ಪರಿಶೀಲಕರು ಮರುಪ್ರಶ್ನೆ ಕಳಿಸುವ ಸಂದರ್ಭ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಪರಿಸರದ ಭಾಗ ಸಿ-10ರಲ್ಲಿ ಮುಗಿದರೂ ಬದಲಾವಣೆಯಿಂದ ಗಣನೀಯ ಅಪಾಯದ ಪ್ರಶ್ನೆ ಏಳುತ್ತದೆಯೇ ಎಂದು ನೋಡುವ 50.92ನೇ ವಿಧಿಯ ವಿಶ್ಲೇಷಣೆ ಅರ್ಜಿಯಲ್ಲಿ ಇರಲೇಬೇಕು, ಅರ್ಜಿಯ ಪ್ರತಿ ರಾಜ್ಯದ ಅಧಿಕಾರಿಗೂ ಹೋಗಬೇಕು. ಇವು ಬೇರೆಬೇರೆ ಕಟ್ಟಳೆಗಳು, ಒಂದು ಇನ್ನೊಂದನ್ನು ತೀರಿಸುವುದಿಲ್ಲ.

ತಿದ್ದುಪಡಿ ಮಂಜೂರಾದಾಗ ಎನ್‌ಆರ್‌ಸಿಯ ಸುರಕ್ಷತಾ ಮೌಲ್ಯಮಾಪನವೂ ಜೊತೆಗೆ ಬರುತ್ತದೆ. ಅದರ ಕೊನೆಯ ಭಾಗದಲ್ಲಿ ಪರಿಸರದ ಪ್ಯಾರಾ ಇರುತ್ತದೆ. ನಾವು ಬರೆದದ್ದರ ಪಕ್ಕದಲ್ಲಿಟ್ಟು ಓದುತ್ತೇನೆ; ಅವರು ಯಾವುದಾದರೂ ಬದಲಾವಣೆಯನ್ನು ಬೇರೆ ಉಪವಿಧಿಗೆ ಹಾಕಿದ್ದರೆ ಅಂಚಿನಲ್ಲಿ ಗುರುತು ಮಾಡಿ, ಮುಂದಿನ ಅರ್ಜಿಯ ಕಡತಕ್ಕೆ ಸೇರಿಸುತ್ತೇನೆ.